ಕಕ್ಕಡದ ಮಳೆಯಲ್ಲಿ ಮೊಲದ ಗೂಡು

ಕೇಳುಗರಿಗೆ ನಮಸ್ಕಾರ. ಕಕ್ಕಡ ಅಂದರೆ ನಮ್ಮ ಕೊಡಗಿನ ಜೋರು ಮಳೆಯ ತಿಂಗಳು, ಹೊರಗೆ ಮಳೆ ಹೊಡೆಯುತ್ತಿದೆ. ನೀವು ಒಲೆ ಪಕ್ಕ ಕೂತು, ಮೂರು ದಿನದಿಂದ ಒಣಗದ ಬಟ್ಟೆಯನ್ನು ಮಗುಚಿ ಹಾಕುತ್ತಾ ರೇಡಿಯೋ ಕೇಳುತ್ತಿರಬಹುದು. ಮನೆಯಲ್ಲಿ ಮೊಲ ಇದ್ದರೆ, ಆ ಬಟ್ಟೆಗೆ ಎಷ್ಟು ತಲೆ ಕೆಡಿಸಿಕೊಂಡಿದ್ದೀರೋ ಗೂಡಿನ ನೆಲಕ್ಕೂ ಅಷ್ಟೇ ಕೆಡಿಸಿಕೊಳ್ಳಿ. ಮೊಲದ ಗೂಡು ಒಣಗಿರಬೇಕು. ತೊಳೆದಿರಬೇಕು ಅಂತ ನಾನು ಹೇಳಲಿಲ್ಲ. ಒಣಗಿರಬೇಕು.

ಜೂನ್ ಬಂತೆಂದರೆ ನನಗೆ ಫೋನ್ ಶುರು. "ಡಾಕ್ಟ್ರೇ, ಮೊಲಕ್ಕೆ ಚಳಿಗೆ ಶೀತ ಹಿಡಿದಿದೆ." ಚಳಿಗಲ್ಲ ಮಾರಾಯ್ರೇ. ಮಡಿಕೇರಿಯ ಚಳಿ ಮೊಲಕ್ಕೆ ಲೆಕ್ಕಕ್ಕೇ ಇಲ್ಲ, ಹುಟ್ಟುತ್ತಲೇ ಅಲ್ಲದಿದ್ದರೂ ಎರಡು ವಾರದೊಳಗೆ ಅದು ಕೋಟು ಹಾಕಿಕೊಂಡಿರುತ್ತದೆ. ಅದಕ್ಕೆ ಆಗದ್ದು ಎರಡು: ಸೆಕೆ ಮತ್ತು ಒದ್ದೆ. ಸೆಕೆ ನಮ್ಮಲ್ಲಿ ಕಡಿಮೆ. ಒದ್ದೆಗೆ ಮಾತ್ರ ಬರ ಇಲ್ಲ, ಅಲ್ವಾ?

ಕೆಲವು ವರ್ಷದ ಹಿಂದೆ, ಇಂಥದ್ದೇ ಕಕ್ಕಡದಲ್ಲಿ, ನಾಪೋಕ್ಲು ಕಡೆಯ ಒಂದು ತೋಟದ ಮನೆಗೆ ಹೋಗಿದ್ದೆ. ಜೀಪಿನಿಂದ ಇಳಿದು ಮನೆ ಮುಟ್ಟುವಷ್ಟರಲ್ಲಿ ಕಾಲಿಗೆ ನಾಲ್ಕು ಜಿಗಣೆ. ಎರಡು ಬಿಳಿ ಮೊಲ, ಎರಡಕ್ಕೂ ಒಂದೇ ಸಮನೆ ಸೀನು. ಮನೆಯ ಯಜಮಾನರಿಗೆ ಬೇಜಾರು. "ಇಷ್ಟು ಕ್ಲೀನಾಗಿ ಯಾರೂ ಸಾಕುವುದಿಲ್ಲ ಡಾಕ್ಟ್ರೇ. ದಿನಕ್ಕೆ ಎರಡು ಸಲ ಪೈಪ್ ಹಿಡಿದು ತೊಳೆಸುತ್ತೇನೆ. ಫಿನಾಯಿಲ್ ಹಾಕಿಸುತ್ತೇನೆ. ಭಾನುವಾರ ಶಾಂಪೂ ಸ್ನಾನ." ಹೇಳುತ್ತಾ ಹೋದರು, ನಾನು ಕೇಳುತ್ತಾ ಹೋದೆ. ಆಮೇಲೆ ಒಂದು ಮೊಲವನ್ನು ಎತ್ತಿ ಮುಂಗಾಲಿನ ಒಳಬದಿ ತೋರಿಸಿದೆ. ಅಲ್ಲಿ ಕೂದಲು ಅಂಟಂಟಾಗಿ ಗಂಟು ಕಟ್ಟಿತ್ತು. ಮೊಲಕ್ಕೆ ಕರವಸ್ತ್ರ ಇಲ್ಲವಲ್ಲ, ಸುರಿಯುವ ಮೂಗನ್ನು ಕೈಯಲ್ಲೇ ಒರೆಸಿಕೊಳ್ಳುತ್ತದೆ.

"ನೀವೊಮ್ಮೆ ಬಗ್ಗಿ, ಗೂಡಿನ ನೆಲದ ಹತ್ತಿರ ಮೂಗು ಇಟ್ಟು ಉಸಿರು ತಗೊಳ್ಳಿ" ಅಂದೆ. ಪಾಪ, ಬಗ್ಗಿದರು. ಹತ್ತು ಎಣಿಸುವುದರೊಳಗೆ ಕಣ್ಣಲ್ಲಿ ನೀರು ಬಂತು, ಎದ್ದುಬಿಟ್ಟರು. ನಿಂತವರ ಮೂಗಿಗೆ ಫಿನಾಯಿಲ್ ಪರಿಮಳ ಮಾತ್ರ ಬರುತ್ತಿತ್ತು. ಕೆಳಗೆ ಹಲಗೆಯ ಸಂದಿಯಲ್ಲಿ ಮೂತ್ರ ನೀರಿನ ಜೊತೆ ಸೇರಿ ಕೊಳೆಯುತ್ತಿತ್ತು. ಒದ್ದೆಯಲ್ಲಿ ಬ್ಯಾಕ್ಟೀರಿಯಾ ಮೂತ್ರದ ಯೂರಿಯಾವನ್ನು ಅಮೋನಿಯಾ ಮಾಡುತ್ತದೆ. ಆ ಗಾಳಿ ಮೂಗಿನ ಒಳಪದರವನ್ನು ಸುಡುತ್ತದೆ, ಸುಟ್ಟ ಜಾಗಕ್ಕೆ ರೋಗ ಸಲೀಸಾಗಿ ಹೊಕ್ಕುತ್ತದೆ. ಮೊಲ ನಮ್ಮ ಹಾಗೆ ಬಾಯಿ ತೆರೆದು ಉಸಿರಾಡುವ ಪ್ರಾಣಿಯಲ್ಲ. ಮೂಗು ಕಟ್ಟಿದರೆ ಅದರ ಕಥೆ ಮುಗಿದ ಹಾಗೆ. ಯಜಮಾನರು ತೊಳೆದಷ್ಟೂ ಒದ್ದೆ, ಒದ್ದೆ ಆದಷ್ಟೂ ಅಮೋನಿಯಾ. ಮೇಲಿಂದ ಫಿನಾಯಿಲಿನ ಘಾಟು.

ಹಾಗಾದರೆ ಈ ಮಳೆಯಲ್ಲಿ ಹಲಗೆ ಒಣಗಿಸುವುದು ಹೇಗೆ ಅಂತ ಅವರು ಕೇಳಿದರು. ನಿಜ ಹೇಳುತ್ತೇನೆ, ನನ್ನ ಹತ್ತಿರ ಉತ್ತರ ಇರಲಿಲ್ಲ. ಉತ್ತರ ಬಂದದ್ದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಜ್ಜಿಯಿಂದ. "ಎರಡು ಹಲಗೆ ಮಾಡಿಸು. ಒಂದು ಗೂಡಲ್ಲಿರಲಿ, ಒಂದು ಬಚ್ಚಲೊಲೆಯ ಮೇಲಿರಲಿ. ನಿನ್ನ ಬನಿಯನ್ ಒಣಗುವ ಜಾಗದಲ್ಲಿ ಮೊಲದ ಹಲಗೆ ಒಣಗುವುದಿಲ್ವಾ?" ಅಷ್ಟೇ. ಮೂರು ವಾರ ಬಿಟ್ಟು ಹೋದಾಗ ಸೀನು ಬಹಳ ಕಡಿಮೆಯಾಗಿತ್ತು. ಔಷಧಿಯನ್ನೂ ಕೊಟ್ಟಿದ್ದೆ, ಅದು ಬೇರೆ ಮಾತು. ಆದರೆ ಅರ್ಧ ಕೆಲಸ ಮಾಡಿದ್ದು ಆ ಹಲಗೆ. ಅಲ್ಲಿಂದ ಇಲ್ಲಿವರೆಗೆ ಎಲ್ಲರಿಗೂ ಅಜ್ಜಿಯ ಉಪಾಯವನ್ನೇ ಹೇಳಿಕೊಂಡು ಬಂದಿದ್ದೇನೆ, ನನ್ನದೇ ಎಂಬಂತೆ.

ನೀವೂ ಹಾಗೇ ಮಾಡಿ. ಬೆಳಿಗ್ಗೆ ಎದ್ದ ಕೂಡಲೇ ಒದ್ದೆ ಹುಲ್ಲು ತೆಗೆಯಿರಿ, ಒಣಹುಲ್ಲು ಹಾಕಿ. ಗದ್ದೆಯ ಭತ್ತದ ಹುಲ್ಲು ಸಾಕು, ಬೂಸ್ಟು ಹಿಡಿದದ್ದು ಬೇಡ. ಮೊಲ ಸಾಮಾನ್ಯವಾಗಿ ಒಂದೇ ಮೂಲೆಯಲ್ಲಿ ಮೂತ್ರ ಮಾಡುತ್ತದೆ. ಆ ಮೂಲೆಯಲ್ಲಿ ಒಂದು ಟ್ರೇ ಇಟ್ಟು, ಪೇಪರ್ ಹಾಸಿ, ಮೇಲೆ ಹುಲ್ಲು ಹಾಕಿದರೆ ಮುಕ್ಕಾಲು ಕೆಲಸ ಮುಗಿಯಿತು. ಹಿಕ್ಕೆಯನ್ನು ದಿನಾ ತೆಗೆಯಲೇಬೇಕು. ಮರಿಗಳ ಹೊಟ್ಟೆ ಕೆಡಿಸುವ ಕಾಕ್ಸಿಡಿಯಾ ಅಂತ ಒಂದು ರೋಗಾಣು ಇದೆ. ಹಿಕ್ಕೆಯಲ್ಲಿ ಹೊರಬಂದ ಮೇಲೆ, ತೇವದಲ್ಲಿ ಸುಮಾರು ಎರಡು ದಿನ ಕಳೆದರೆ ಅದಕ್ಕೆ ರೋಗ ಹರಡುವ ಶಕ್ತಿ ಬರುತ್ತದೆ. ಅಷ್ಟರೊಳಗೆ ನೀವು ಗುಡಿಸಿದ್ದರೆ ಗೆದ್ದಿರಿ. ಫಿನಾಯಿಲಿಗೆ ಅದು ಜಗ್ಗುವುದಿಲ್ಲ. ಮೊಲವನ್ನು ಆಚೆ ಬಿಟ್ಟು ಹಲಗೆಗೆ ಕುದಿಯುವ ನೀರು ಹುಯ್ಯಿರಿ, ಆಮೇಲೆ ನೇರ ಒಲೆ ಮೇಲಕ್ಕೆ.

ಟ್ರೇಯಲ್ಲಿ ಬಿಳಿ ಗಾರೆ ಕಟ್ಟುತ್ತದಲ್ಲ, ಅದು ಮೂತ್ರದಲ್ಲಿ ಬರುವ ಕ್ಯಾಲ್ಸಿಯಂ. ಉಜ್ಜಿ ಉಜ್ಜಿ ಕೈ ನೋಯಿಸಿಕೊಳ್ಳಬೇಡಿ. ವಿನೆಗರ್ ಹುಯ್ದು ಕಾಲು ಗಂಟೆ ಬಿಟ್ಟರೆ ಏಳುತ್ತದೆ. ಅಂಗಡಿಯ ಬಿಳಿ ವಿನೆಗರ್ ಮತ್ತೆ! ನಮ್ಮ ಕೊಡಗಿನ ಕಪ್ಪು ಹುಳಿ, ಕಾಚಂಪುಳಿ, ಹಂದಿ ಮಾಂಸದ ಪಂದಿಕರಿಗೇ ಇರಲಿ. ಬ್ಲೀಚಿಂಗ್ ಪುಡಿಯನ್ನು ಮಾತ್ರ ಮೂತ್ರದ ಮೇಲೂ ವಿನೆಗರ್ ಮೇಲೂ ಹಾಕಬೇಡಿ, ವಿಷದ ಗಾಳಿ ಏಳುತ್ತದೆ.

ಸ್ನಾನದ ವಿಷಯಕ್ಕೆ ಬಂದರೆ, ಬೇಡ. ಬೆಕ್ಕಿನ ಹಾಗೆ ತನ್ನನ್ನು ತಾನೇ ನೆಕ್ಕಿ ಚೊಕ್ಕಟ ಮಾಡಿಕೊಳ್ಳುವ ಪ್ರಾಣಿ ಅದು. ನೀರಲ್ಲಿ ಅದ್ದಿದರೆ ಹೆದರಿ, ಮೈ ತಣ್ಣಗಾಗಿ, ಸತ್ತೇ ಹೋಗಬಹುದು. ಆದರೆ ಬಾಲದ ಕೆಳಗೆ ದಿನಾ ನೋಡಿ. ಅಲ್ಲಿ ಗಲೀಜು ಅಂಟಿದ್ದರೆ ಒದ್ದೆ ಬಟ್ಟೆಯಲ್ಲಿ ಅಷ್ಟು ಜಾಗ ಮಾತ್ರ ಒರೆಸಿ, ಒಣಗಿಸಿ. ಮಳೆ ಬಿಟ್ಟು ಎರಡು ದಿನ ಬಿಸಿಲು ಬಂದರೆ ನೊಣ ಬಂದು ಅಲ್ಲೇ ಮೊಟ್ಟೆ ಇಡುತ್ತದೆ. ಒಂದೇ ದಿನದಲ್ಲಿ ಹುಳ. ಹುಳ ಕಂಡರೆ ನಾಳೆ ನೋಡೋಣ ಅನ್ನಬೇಡಿ, ಆ ಗಂಟೆಯಲ್ಲೇ ಆಸ್ಪತ್ರೆಗೆ ತನ್ನಿ.

ಪಾದದ ಹುಣ್ಣಿನ ಬಗ್ಗೆ ಹೇಳಬೇಕೆಂದು ಬರೆದುಕೊಂಡು ಬಂದಿದ್ದೆ. ಗಾಜಿನ ಆಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ. ಅಜ್ಜಿಯ ಕಥೆ ಸ್ವಲ್ಪ ಜಾಸ್ತಿ ಆಯಿತು, ಇರಲಿ. ನಾಯಿ, ಬೆಕ್ಕಿಗಿರುವ ಮೆತ್ತೆ ಮೊಲದ ಪಾದಕ್ಕಿಲ್ಲ, ಬರೀ ಕೂದಲು. ನೆಲ ಒದ್ದೆ ಇದ್ದರೆ ಹಿಮ್ಮಡಿ ಹುಣ್ಣಾಗುತ್ತದೆ. ಮತ್ತೆ ಅದೇ ಮಾತು ನೋಡಿ, ಒಣಗಿರಬೇಕು.

ಇನ್ನು, ತೆಗೆದ ಹುಲ್ಲು, ಹಿಕ್ಕೆ ಎಲ್ಲಿ ಹಾಕುವುದು ಅಂತ ಕೇಳುವವರಿಗೆ: ಗುಂಡಿಯಲ್ಲಿ ಕೊಳೆಸಿ ಕರಿಮೆಣಸಿನ ಬಳ್ಳಿಯ ಬುಡಕ್ಕೆ ಹಾಕಿ. ಆ ನಾಪೋಕ್ಲಿನ ಮನೆಯಲ್ಲಿ ಅಜ್ಜಿ ಅದನ್ನು ಯಾರಿಗೂ ಮುಟ್ಟಲು ಬಿಡುವುದಿಲ್ಲ. ಎಲ್ಲ ಅವರ ಡೇಲಿಯಾ ಗಿಡಗಳಿಗೇ. ನಮಸ್ಕಾರ.