ಚಿಕ್ಕಪ್ಪನ ಬಿಸ್ಕತ್ ಡಬ್ಬಿಯಲ್ಲಿ ಹನ್ನೊಂದು ತೋಟೆ

ನಮಸ್ಕಾರ. ಹೊರಗೆ ಮಳೆ ಹೊಡೀತಾ ಇದೆ. ಹೆಂಚಿನ ಸದ್ದು ಮೈಕಿಗೆ ಬಿದ್ರೆ ಬೇಜಾರು ಮಾಡ್ಕೋಬೇಡಿ. ಆಗಸ್ಟ್ ತಿಂಗಳಲ್ಲಿ ಕೊಡಗಿನಲ್ಲಿ ಕೂತು ಸದ್ದಿಲ್ಲದ ರೆಕಾರ್ಡಿಂಗ್ ಮಾಡ್ತೀನಿ ಅನ್ನೋನು ಶುದ್ಧ ಸುಳ್ಳುಗಾರ.

ಇವತ್ತಿನ ವಿಷಯ ತೋಟೆ. ಕಾಫಿ ತೋಟ ಅಲ್ಲ, ಅದರ ರಾಮಾಯಣ ಬೇರೆ ಇದೆ. ಇದು ಕೋವಿಗೆ ಹಾಕೋ ತೋಟೆ, ಇಂಗ್ಲಿಷಿನಲ್ಲಿ ಕಾರ್ಟ್ರಿಡ್ಜ್ ಅಂತಾರಲ್ಲ, ಅದು.

ಅಮೆರಿಕದಲ್ಲಿರೋ ನಮ್ಮ ಅತ್ತೆ ಮಗ ಹೋದ ವಾರ ಫೋನ್ ಮಾಡಿದ್ದ. ನಮ್ಮ ಕೋವಿ ಪೂಜೆಯ ಹಬ್ಬ ಕೈಲ್ ಮುಹೂರ್ತಕ್ಕೆ ಊರಿಗೆ ಬರ್ತಾನಂತೆ. "ಬಾವ, ತೋಟೆ ತುಂಬೋ ಮೆಷಿನ್ ನನ್ ಹತ್ರ ಎರಡಿದೆ. ಒಂದು ನಿಮ್ಗೆ ತರ್ಲಾ? ಅಜ್ಜ ತುಂಬ್ತಿದ್ರಲ್ಲ, ಹಾಗೇ ನಾವೂ ಕೂತು ತುಂಬೋಣ" ಅಂದ. ಕೇಳೋಕೆ ಎಷ್ಟು ಚೆನ್ನಾಗಿದೆ ನೋಡಿ! ನಾನು ಎರಡು ದಿನ ಯೋಚನೆ ಮಾಡಿ, ಬೇಡ ಮಾರಾಯ ಅಂದೆ. ಅವನಿಗೆ ಬೇಜಾರಾಗಿದೆ. ನಮ್ಮ ಕಡೆ ಕೋವಿ ಇರೋ ಮನೆಗಳಲ್ಲಿ ಈ ಮಾತು ಆಗಾಗ ಬರ್ತಾನೇ ಇರುತ್ತೆ: ಒಂದು ತೋಟೆಗೆ ಇಷ್ಟು ರೇಟಾ, ಹಿಂದಿನೋರು ಮನೇಲೇ ತುಂಬ್ಕೊಳ್ತಿರ್ಲಿಲ್ವಾ, ನಾವ್ಯಾಕೆ ತುಂಬಬಾರದು? ಅದಕ್ಕೆ ನನ್ನ ಉತ್ತರ ಒಂದ್ಸಲ ಪೂರ್ತಿಯಾಗಿ ಹೇಳಿಬಿಡೋಣ ಅಂತ ಕೂತಿದೀನಿ.

ಮೊದಲು ಅಜ್ಜನ ವಿಷಯ. ಅಜ್ಜ ತುಂಬ್ತಿದ್ದದ್ದು ಹೌದು. ಜಗಲಿಯಲ್ಲಿ ಹಳೇ ಪೇಪರ್ ಹಾಸಿ, ಕನ್ನಡಕ ಮೂಗಿನ ತುದಿಗೆ ಇಳಿಸ್ಕೊಂಡು ಕೂರ್ತಿದ್ರು. ನಾವು ಮಕ್ಕಳು ಮೂರು ಮಾರು ದೂರ. ಒಲೆಯಿಂದ ಕೊಳ್ಳಿ ಹಿಡ್ಕೊಂಡು ಯಾರೂ ಆ ಕಡೆ ಸುಳೀಬಾರದು. ಅಜ್ಜಿಗೂ ಅದೇ ಕಟ್ಟಪ್ಪಣೆ. ಹೊಡೆದು ಉಳಿದ ಖಾಲಿ ತೋಟೆಗಳಲ್ಲಿ ಹಿತ್ತಾಳೆಯವು ಕೆಲವು, ಕಾಗದದವು ಕೆಲವು. ಕೆಳಗೆ ಕಿಡಿ ಹಚ್ಚೋ ಹೊಸ ಕೇಪು, ಒಳಗೆ ಮದ್ದು, ಮೇಲೆ ಫೆಲ್ಟಿನ ಬಿಲ್ಲೆ, ಚರೆ ಅನ್ನೋ ಸಣ್ಣ ಸೀಸದ ಗುಂಡುಗಳು, ರಟ್ಟಿನ ಮುಚ್ಚಳ. ಆಮೇಲೆ ಮೇಜಿನ ಅಂಚಿಗೆ ತಿರುಪು ಹಾಕಿದ್ದ ಒಂದು ಸಣ್ಣ ಹಿಡಿಕೆ ಯಂತ್ರದಲ್ಲಿಟ್ಟು ತಿರುಗಿಸಿದ್ರೆ ಕಾಗದದ ಬಾಯಿ ಒಳಕ್ಕೆ ಸುರುಳಿಯಾಗಿ ಮಡಚಿಕೊಳ್ತಿತ್ತು. ನನಗಂತೂ ಅದನ್ನ ನೋಡೋದೇ ಹಬ್ಬ. ಆ ಯಂತ್ರ ಅಜ್ಜ ತೀರಿದ ಮೇಲೆ ಹಳೇ ಕಬ್ಬಿಣದ ಜೊತೆ ಗುಜರಿಗೆ ಹೋಯ್ತು.

ಆದ್ರೆ ಅಜ್ಜ ಯಾಕೆ ತುಂಬ್ತಿದ್ರು? ಅದು ಅವರ ಹವ್ಯಾಸ ಅಲ್ಲ. ತೋಟೆ ಬೇಕಂದ್ರೆ ಪೇಟೆಗೆ ಹೋಗ್ಬೇಕು, ಹೋದ್ರೂ ಸಿಗುತ್ತೆ ಅನ್ನೋ ನಂಬಿಕೆ ಇಲ್ಲ, ಸಿಕ್ಕಿದ್ರೂ ಕೈಯಲ್ಲಿ ಕಾಸಿಲ್ಲ. ಗದ್ದೆಗೆ ಹಂದಿ ನುಗ್ಗೋದು ಮಾತ್ರ ನಿಲ್ಲಲ್ಲ. ಇನ್ನು ಕಾಗದದ ತೋಟೆಗೂ ನಮ್ಮ ಮಳೆಗೂ ಆಗಿಬರಲ್ಲ. ತೇವಕ್ಕೆ ಉಬ್ಬಿ ಕೋವಿಯೊಳಗೇ ಕಚ್ಕೊಂಡು ಕೂತುಬಿಡುತ್ತೆ. ಅದಕ್ಕೇ ಅಜ್ಜ ತುಂಬಿದ್ದನ್ನೆಲ್ಲ ಬಿಸ್ಕತ್ ಡಬ್ಬಿಗೆ ಹಾಕಿ, ಜೊತೆಗೆ ಹುರಿದ ಅಕ್ಕಿಯ ಗಂಟು ಇಡ್ತಿದ್ರು.

ಹುರಿದ ಅಕ್ಕಿಯೂ ಒಂದ್ಸಲ ಕೈಕೊಡ್ತು.

ನನಗಾಗ ಒಂಬತ್ತು ವರ್ಷ ಇರಬೇಕು. ಹಬ್ಬದ ದಿನ. ಕೋವಿಗೆ ತೋಕ್ ಪೂ, ಅಂದ್ರೆ ಕೋವಿ ಹೂವು, ಸಿಕ್ಕಿಸಿ ಪೂಜೆ ಆಯ್ತು, ಕಡುಬು ಪಂದಿಕರಿ ಆಯ್ತು, ಗದ್ದೆ ಏರಿಯಾಚೆ ಮರಕ್ಕೆ ತೆಂಗಿನಕಾಯಿ ಕಟ್ಟಿದ್ರು. ಚಿಕ್ಕಪ್ಪ ಜೋಡುನಳಿಗೆ ಎತ್ತಿ ಬಲನಳಿಗೆ ಹೊಡೆದ್ರು. ಢಮಾರ್ ಅನ್ನಬೇಕಿತ್ತು, ಪುಸ್ಸ್ ಅಂತು. ನೆಂಟರೆಲ್ಲ ಗೊಳ್ಳಂತ ನಕ್ರು. ಚಿಕ್ಕಪ್ಪನಿಗೆ ಅವಮಾನ. ಗಡಿಬಿಡಿಯಲ್ಲಿ ಆ ತೋಟೆ ಕಿತ್ತು, ಅದೇ ನಳಿಗೆಗೆ ಇನ್ನೊಂದು ತುರುಕಿ ಮತ್ತೆ ಎತ್ತಿದ್ರು. ಕುರ್ಚಿಯಲ್ಲಿ ಕೂತಿದ್ದ ಅಜ್ಜ ಅಷ್ಟು ಜೋರಾಗಿ ಓಡಿದ್ದನ್ನ ನಾನು ಅದೇ ಮೊದಲು ನೋಡಿದ್ದು, ಕಡೆಯದೂ ಅದೇ. ಬಂದವರೇ ನಳಿಗೆಯನ್ನ ನೆಲಕ್ಕೆ ಒತ್ತಿ ಹಿಡಿದ್ರು. ಕೋವಿ ಬಿಚ್ಚಿ ತೋಟೆ ತೆಗೆದು ನಳಿಗೆಯಲ್ಲಿ ಇಣುಕಿದ್ರೆ ಬೆಳಕೇ ಕಾಣ್ತಿಲ್ಲ. ಗಜಕಡ್ಡಿ ಹಾಕಿ ನೂಕಿದಾಗ ಫೆಲ್ಟಿನ ಬಿಲ್ಲೆ, ಅದರ ಹಿಂದೆ ಒಂದಷ್ಟು ಚರೆ ದೊಪ್ಪಂತ ಬಿತ್ತು. ಮದ್ದು ತೇವ ಹಿಡಿದು ಅರ್ಧಂಬರ್ಧ ಉರಿದಿದೆ, ಸರಕನ್ನ ಹೊರಗೆ ದಬ್ಬೋ ಶಕ್ತಿ ಬಂದಿಲ್ಲ. ಅದರ ಹಿಂದಿನಿಂದ ಎರಡನೇ ಈಡು ಹೊಡೆದಿದ್ರೆ ನಳಿಗೆ ಸಿಡಿಯೋದು. ಸಿಡಿಯೋ ಜಾಗದಲ್ಲೇ ಎಡಗೈ ಇರೋದು.

ಹೊಡೆದಾಗ ಸದ್ದು ಸಣ್ಣದಾಗಿ ಬಂದ್ರೆ ನಿಲ್ಲಿಸಿ, ಕೋವಿ ಬಿಚ್ಚಿ, ನಳಿಗೆ ನೋಡಿ. ಕಂಪನಿ ತೋಟೆ ಇರಲಿ, ಮನೆ ತೋಟೆ ಇರಲಿ. ಈ ಇಡೀ ಎಪಿಸೋಡ್ ಮರೆತ್ರೂ ಪರವಾಗಿಲ್ಲ, ಇದೊಂದು ಮರೀಬೇಡಿ.

ಈಗ ಅತ್ತೆ ಮಗನ ಲೆಕ್ಕಕ್ಕೆ ಬರೋಣ. ಅವನು ಹೊಡೆಯೋದು ಟ್ರ್ಯಾಪ್. ಗಾಳಿಗೆ ಚಿಮ್ಮೋ ಬಿಲ್ಲೆಗಳನ್ನ ಒಡೆಯೋ ಆಟ. ಕ್ಲೇ ಅಂತಾರೆ, ಆದ್ರೆ ಅದು ಮಣ್ಣಲ್ಲ, ಸುಣ್ಣಕಲ್ಲಿನ ಪುಡಿಗೆ ಡಾಂಬರಿನಂಥ ಪಿಚ್ ಸೇರಿಸಿ ಮಾಡಿದ್ದು. ಒಂದು ರೌಂಡಿಗೆ 25 ಬಿಲ್ಲೆ. ಶನಿವಾರ ನಾಲ್ಕು ರೌಂಡು, ಭಾನುವಾರ ನಾಲ್ಕು ರೌಂಡು. ಅಂದ್ರೆ ವಾರಕ್ಕೆ 200 ತೋಟೆ, ವರ್ಷಕ್ಕೆ ಹತ್ತು ಸಾವಿರದ ಹತ್ತಿರ. ಅವನ ಮೆಷಿನ್ ವಿಸ್ಕಾನ್ಸಿನ್ ರಾಜ್ಯದ ಮೇವಿಲ್ ಊರಿನ ಮೆಕ್ ಕಂಪನಿಯದು, 600 ಜೂನಿಯರ್. ಹಿಡಿಕೆ ಎಳೀಬೇಕು, ತೋಟೆಯನ್ನ ಒಂದು ಮನೆಯಿಂದ ಇನ್ನೊಂದು ಮನೆಗೆ ಕೈಯಲ್ಲೇ ದಾಟಿಸಬೇಕು. ಸಂಜೆ ಬಿಯರ್ ಮಾತ್ರ ಮುಟ್ಟಲ್ವಂತೆ ಆ ಕೆಲಸ ಮಾಡುವಾಗ. ಅಷ್ಟು ಬುದ್ಧಿ ಇದೆ.

ಸರಿ, ಉಳಿಯುತ್ತಾ? ನೇರವಾಗಿ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹನ್ನೆರಡು ಬೋರಲ್ಲಿ ಏನೂ ಉಳಿಯಲ್ಲ ಬಾವ" ಅಂದ! ಬೋರು ಅಂದ್ರೆ ನಳಿಗೆಯ ಅಗಲದ ಅಳತೆ. ಲೆಕ್ಕ ನೋಡಿ. ಅಲ್ಲಿ ಚರೆ ಬರೋದು 25 ಪೌಂಡಿನ ಚೀಲದಲ್ಲಿ. 25 ಪೌಂಡು ಅಂದ್ರೆ 400 ಔನ್ಸ್. ಹನ್ನೆರಡು ಬೋರಿನ ಮಾಮೂಲಿ ತೋಟೆಗೆ ಒಂದೂ ಕಾಲರ್ಧ ಔನ್ಸ್, ಅಂದ್ರೆ ಒಂದಕ್ಕೆ ಎಂಟನೇ ಒಂದು ಭಾಗ ಸೇರಿಸಿದಷ್ಟು ಚರೆ ಹಾಕಿದ್ರೆ ಒಂದು ಚೀಲಕ್ಕೆ 355 ತೋಟೆ. ಅದಕ್ಕಿಂತ ಸಣ್ಣ 28 ಬೋರಿಗೆ ಮುಕ್ಕಾಲು ಔನ್ಸ್ ಸಾಕು, 533 ಆಗುತ್ತೆ. ಆ ಸಣ್ಣ 410ಕ್ಕೆ ಅರ್ಧ ಔನ್ಸ್, 800 ಆಗುತ್ತೆ. ತಮಾಷೆ ಏನಂದ್ರೆ ಅಂಗಡಿಯಲ್ಲಿ ರೇಟು ಉಲ್ಟಾ. ಸೀಸ ಜಾಸ್ತಿ ತಿನ್ನೋ ಹನ್ನೆರಡು ಬೋರಿನ ತೋಟೆ ಅಗ್ಗ, ಸೀಸ ಕಮ್ಮಿ ಇರೋ 410 ದುಬಾರಿ. ಹನ್ನೆರಡು ಬೋರನ್ನ ಕಾರ್ಖಾನೆಗಳು ರಾಶಿ ರಾಶಿ ಮಾಡ್ತಾವೆ, ಸಣ್ಣ ಬೋರು ಕೇಳೋರು ಕಮ್ಮಿ. ಹಾಗಾಗಿ ಅಲ್ಲಿ ಕೈಯಲ್ಲಿ ತುಂಬಿ ದುಡ್ಡು ಉಳಿಸೋನು ಸಣ್ಣ ಬೋರಿನವನು, ಇಲ್ಲಾ ಅಂಗಡಿಯಲ್ಲಿ ಸಿಗದೇ ಇರೋ ಹಳೇ ಅಳತೆಯವನು. 2020ರ ಕೊರೊನಾ ಗಲಾಟೆಯಲ್ಲಂತೂ ಅಲ್ಲಿ ಕೇಪೇ ಸಿಗದೆ ಮೆಷಿನ್‌ಗಳೆಲ್ಲ ಧೂಳು ತಿಂದವು.

ನಮ್ಮ ಲೆಕ್ಕ ಏನು? ನಮ್ಮನೇಲಿ ವರ್ಷಕ್ಕೆ ಎಷ್ಟು ಈಡು ಅಂತ ಬೆರಳಲ್ಲಿ ಎಣಿಸಿ ನೋಡಿದೆ. ಕೈಲ್ ಮುಹೂರ್ತಕ್ಕೆ ತೆಂಗಿನಕಾಯಿಗೆ ನಾಲ್ಕೈದು. ನಮ್ಮ ಸುಗ್ಗಿ ಹಬ್ಬ ಪುತ್ತರಿಯಲ್ಲಿ ಕದಿರು ತೆಗೆಯುವಾಗ ಗಾಳಿಗೆ ಒಂದು. ಕುಟುಂಬದಲ್ಲಿ ಮಗು ಹುಟ್ಟಿದ್ರೆ, ಯಾರಾದ್ರೂ ತೀರ್ಕೊಂಡ್ರೆ, ಅಷ್ಟೇ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಶಿಕಾರಿ ಅನ್ನೋ ಮಾತಿಲ್ಲ. ಎಲ್ಲ ಸೇರಿ ಹನ್ನೆರಡು ದಾಟಲ್ಲ. ಒಂದು ತೋಟೆಗೆ ಇಪ್ಪತ್ತು ರೂಪಾಯಿ ಉಳೀತು ಅಂತಾನೇ ಇಟ್ಕೊಳ್ಳಿ, ಇನ್ನೂರ ನಲವತ್ತು ರೂಪಾಯಿ. ಒಂದು ಕೆಜಿ ಹಂದಿಮಾಂಸವೂ ಬರಲ್ಲ ಅದಕ್ಕೆ.

ಇನ್ನು ಕಾನೂನು. ಇಲ್ಲಿ ನಮ್ಮವರು ಬಹಳ ಜನ ಎಡವ್ತಾರೆ. ನಮಗೆ ವಿನಾಯಿತಿ ಇದೆ, ನಮಗೆ ಲೈಸೆನ್ಸೇ ಬೇಡ, ಏನು ಬೇಕಾದ್ರೂ ಮಾಡಬಹುದು ಅಂತ. ನಿಧಾನ. 1861ರಲ್ಲಿ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಕಾಲದಲ್ಲಿ ಶುರುವಾದ ವಿನಾಯಿತಿ ಅದು. ಈಗಿನದು 2019ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಕೊಟ್ಟಿದ್ದು, ಕೊಡವರಿಗೂ, ತಲೆಮಾರಿನಿಂದ ಬಂದ ಜಮ್ಮಾ ಜಮೀನಿರೋ ನಮ್ಮಂಥ ಹಿಡುವಳಿದಾರರಿಗೂ, 2029ರ ಅಕ್ಟೋಬರ್ 31ರ ತನಕ. 2021ರಲ್ಲಿ ಹೈಕೋರ್ಟೂ ಅದನ್ನ ಎತ್ತಿ ಹಿಡೀತು. ಆದ್ರೆ ಅದು ಕೋವಿ ಇಟ್ಟುಕೊಳ್ಳೋದಕ್ಕೆ, ಒಯ್ಯೋದಕ್ಕೆ. ಮದ್ದುಗುಂಡು ತಯಾರಿಸೋದು 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್, ಅದಕ್ಕೆ ಲೈಸೆನ್ಸೇ ಬೇರೆ. ಲೈಸೆನ್ಸ್ ಇಲ್ಲದೆ ಮಾಡಿದ್ರೆ 2019ರ ತಿದ್ದುಪಡಿ ಆದ ಮೇಲೆ ಕನಿಷ್ಠ ಏಳು ವರ್ಷ, ಜೀವಾವಧಿ ತನಕ. ಖಾಲಿ ತೋಟೆಗೆ ಮತ್ತೆ ತುಂಬೋದು ತಯಾರಿಕೆ ಅಲ್ಲ, ರಿಪೇರಿ ಅಂತ ವಾದ ಮಾಡೋ ಹುರುಪಿದ್ದೋರು ಮಾಡ್ಲಿ, ಆ ಕೇಸಿಗೆ ನಾನು ಆರೋಪಿಯಾಗಲ್ಲ.

ಮೆಷಿನ್ ವಿಷಯ ಇನ್ನೂ ಚೆಂದ. ಅದೇ ಕಾಯ್ದೆಯ 2ನೇ ಸೆಕ್ಷನ್ ತೆಗೆದು ಓದಿದೆ. ಮದ್ದುಗುಂಡು ಅನ್ನೋ ಪದದ ಅರ್ಥದೊಳಗೆ ಮದ್ದುಗುಂಡು ತಯಾರಿಸೋ ಯಂತ್ರವೂ ಸೇರುತ್ತೆ, ಮದ್ದುಗುಂಡಿನ ಬಿಡಿಭಾಗವೂ ಸೇರುತ್ತೆ! ಅಂದ್ರೆ ನಮ್ಮ ಹುಡುಗ ಚಾಕಲೇಟ್ ಪೊಟ್ಟಣದ ಪಕ್ಕ ಆ ಕಬ್ಬಿಣದ ಹಿಡಿಕೆ ಇಟ್ಕೊಂಡು ಬೆಂಗಳೂರು ಏರ್‌ಪೋರ್ಟಲ್ಲಿ ಇಳಿದ್ರೆ, ಕಸ್ಟಮ್ಸ್‌ನವರ ಕಣ್ಣಿಗೆ ಅದು ಅಡಿಗೆ ಸಾಮಾನಲ್ಲ. ಇದನ್ನ ಹೇಳಿದಾಗ ಮಾತ್ರ ಅವನು ಸ್ವಲ್ಪ ತಣ್ಣಗಾದ.

ಇಷ್ಟೆಲ್ಲ ಹೇಳಿದ ಮೇಲೂ ತುಂಬೋರ ಪರವಾಗಿ ಒಂದು ಮಾತಿದೆ. ಅದನ್ನ ಮುಚ್ಚಿಡಲ್ಲ. ನಮ್ಮ ಮನೆಗಳಲ್ಲಿರೋ ಕೋವಿಗಳು ಹಳೇವು. ಮುತ್ತಜ್ಜನ ಕಾಲದ ಇಂಗ್ಲಿಷ್ ಜೋಡುನಳಿಗೆಗಳು. ಕೆಲವದರ ನಳಿಗೆ ಮೇಲೆ ನೀರಿನ ಸುಳಿ ಥರ ಗೆರೆ ಇರುತ್ತಲ್ಲ, ಅದು ಡಮಾಸ್ಕಸ್. ಕಬ್ಬಿಣ, ಉಕ್ಕಿನ ಪಟ್ಟಿಗಳನ್ನ ಹುರಿ ಹೊಸೆದು ಸುತ್ತಿ, ಕುಲುಮೆಯಲ್ಲಿ ಬೆಸೆದ ನಳಿಗೆ. ಅವು ಕರಿಮದ್ದಿನ ಕಾಲದವು. ಈಗಿನ ಹೊಗೆಯಿಲ್ಲದ ಮದ್ದಿನ ಒತ್ತಡದ ರೀತಿಯೇ ಬೇರೆ. ಇನ್ನೊಂದು ತೊಂದರೆ ಉದ್ದದ್ದು. ಆ ಕೋವಿಗಳಲ್ಲಿ ತೋಟೆ ಕೂರೋ ಮನೆ ಸಾಮಾನ್ಯವಾಗಿ ಎರಡೂವರೆ ಇಂಚು, 65 ಮಿಲಿಮೀಟರ್. ಈಗ ಎಲ್ಲ ಕಡೆ ಓಡ್ತಿರೋದು 70 ಮಿಲಿಮೀಟರಿನ ತೋಟೆ. "ಹಾಕಿ ನೋಡ್ದೆ, ಸರಿಯಾಗಿ ಕೂರುತ್ತಲ್ಲ" ಅಂತಾರೆ. ಕೂರುತ್ತೆ, ಯಾಕಂದ್ರೆ 70 ಅನ್ನೋದು ಹೊಡೆದ ಮೇಲೆ ಬಾಯಿ ಬಿಚ್ಚಿಕೊಂಡಾಗಿನ ಉದ್ದ. ಹೊಡೆಯೋ ಮುಂಚೆ ಬಾಯಿ ಮಡಚಿರೋದ್ರಿಂದ ಗಿಡ್ಡ. ಈಡು ಹೊರಟಾಗ ಆ ಮಡಿಕೆ ಬಿಚ್ಚಿ ನಳಿಗೆ ಕಿರಿದಾಗೋ ಜಾಗಕ್ಕೇ ಚಾಚಿಕೊಳ್ಳುತ್ತೆ. ಕತ್ತು ಹಿಸುಕಿದ ಹಾಗೆ. ಒತ್ತಡ ಏರುತ್ತೆ.

ಹೀಗಾಗಿ ಇಂಥ ಕೋವಿಗೆ ಅದರ ಅಳತೆಗೆ, ಅದರ ವಯಸ್ಸಿಗೆ ತಕ್ಕ ಹಗುರ ತೋಟೆ ಬೇಕು. ತುಂಬೋದಕ್ಕೆ ದುಡ್ಡಿನ ಕಾರಣ ಬಿದ್ದುಹೋದ ಮೇಲೂ ನಿಂತಿರೋ ಕಾರಣ ಇದೊಂದೇ. ಬ್ರಿಟನ್ನಿನಲ್ಲೂ ಅಮೆರಿಕದಲ್ಲೂ ಹಳೇ ಕೋವಿಯ ಹುಚ್ಚಿರೋರು ಇದಕ್ಕಾಗಿಯೇ ಕೈಯಲ್ಲಿ ತುಂಬ್ತಾರೆ. ಅಲ್ಲಿ ಅದಕ್ಕೆ ಪರೀಕ್ಷೆ ಮಾಡಿ ಅಚ್ಚು ಹಾಕಿದ ಕೋಷ್ಟಕಗಳಿವೆ. ನಮ್ಮಲ್ಲಿ ಇರೋದು ಅಜ್ಜ ಹಾಕ್ತಿದ್ದ ಚಮಚದ ನೆನಪು. ಕರಿಮದ್ದಿನ ಚಮಚದಲ್ಲಿ ಹೊಗೆಯಿಲ್ಲದ ಮದ್ದು ಅಳೆದು ಹಾಕಿದ್ರೆ ಕೋವಿಯೂ ಉಳಿಯಲ್ಲ, ಹೊಡೆದೋನೂ ಉಳಿಯಲ್ಲ.

ನಿಮ್ಮನೇಲಿ ಅಂಥ ಕೋವಿ ಇದ್ರೆ ನಾಳೆ ನಳಿಗೆ ಬಿಚ್ಚಿ, ಅಡಿಭಾಗದ ಮುದ್ರೆಗಳನ್ನ ಬೆಳಕಿಗೆ ಹಿಡಿದು ನೋಡಿ. ನೈಟ್ರೋ ಪ್ರೂಫ್ ಅಂತ, ಅಂದ್ರೆ ಹೊಗೆಯಿಲ್ಲದ ಮದ್ದಿಗೆ ಪರೀಕ್ಷೆ ಆಗಿದೆ ಅಂತ ಗುರುತು ಇದೆಯಾ? ಇಲ್ಲದಿದ್ರೆ ಲೈಸೆನ್ಸ್ ಇರೋ ಕೋವಿ ರಿಪೇರಿಯವರಿಗೆ ತೋರಿಸದೆ ಈಗಿನ ತೋಟೆ ಹಾಕ್ಬೇಡಿ. ನಮ್ಮ ಕೋವಿಯಲ್ಲಿ ನಾಟ್ ಫಾರ್ ಬಾಲ್ ಅಂತ ಕೊರೆದಿತ್ತು. 1875ರಿಂದ 1887ರ ತನಕ ಇಂಗ್ಲೆಂಡಿನಲ್ಲಿ ಬಾಯಿ ಕಿರಿದು ಮಾಡಿದ ನಳಿಗೆಗಳಿಗೆ ಹಾಕ್ತಿದ್ದ ಮುದ್ರೆ ಅದು, ಒಂಟಿಗುಂಡು ಹೊಡೀಬೇಡಿ ಅಂತ ಅರ್ಥ. ನಮ್ಮನೆಯವರು ಮೂರು ತಲೆಮಾರು ಅದರಲ್ಲಿ ತೆಂಗಿನಕಾಯಿಗೆ ಒಂಟಿಗುಂಡೇ ಹೊಡೆದಿದ್ದು! ಇಂಗ್ಲಿಷ್ ಓದೋಕೆ ಬರ್ತಿರಲಿಲ್ಲ ಅಂತಲ್ಲ, ಅಜ್ಜ ಪೇಪರ್ ಓದ್ತಿದ್ರು. ಅಡಿಯಲ್ಲಿ ಯಾರೂ ನೋಡಿರಲಿಲ್ಲ, ಅಷ್ಟೆ. ಈಗ ಆ ಕೋವಿ ಪೂಜೆಗೆ ಮಾತ್ರ. ತೆಂಗಿನಕಾಯಿಗೆ ಬೇರೆ ಕೋವಿ, ಅಂಗಡಿ ತೋಟೆ.

ಇದು ನಮ್ಮ ಸಂಸ್ಕೃತಿ ಅಲ್ವಾ ಅಂತ ಕೇಳೋರಿಗೆ ಒಂದು ಮಾತು. ಕೋವಿ ಸಂಸ್ಕೃತಿ, ಒಪ್ತೀನಿ. ಪುತ್ತರಿಯ ಈಡು ಸಂಸ್ಕೃತಿ. ತೋಟೆ ತುಂಬೋದು ಬಡತನ. ಹರಿದ ಕಂಬಳಿಗೆ ತೇಪೆ ಹಾಕ್ತಿದ್ದ ಹಾಗೆ. ಅಜ್ಜನೇ ಹೇಳ್ತಿದ್ರು, ಕಾಸಿದ್ರೆ ಪೆಟ್ಟಿಗೆಗಟ್ಟಲೆ ಕಂಪನಿ ತೋಟೆ ತರ್ತಿದ್ದೆ ಅಂತ.

ಅತ್ತೆ ಮಗ ಮೆಷಿನ್ ಇಲ್ಲದೆ ಬರೋಕೆ ಒಪ್ಪಿದಾನೆ. ಈಗ ಉಳಿದಿರೋ ತಲೆನೋವು ಚಿಕ್ಕಪ್ಪ. ಅಜ್ಜ ತುಂಬಿದ ಕಡೇ ಹನ್ನೊಂದು ತೋಟೆ ಅದೇ ಬಿಸ್ಕತ್ ಡಬ್ಬಿಯಲ್ಲಿ ಅವರ ಮಂಚದ ಕೆಳಗಿದೆ. ಕೇಪಿನ ಸುತ್ತ ಹಸಿರು ಕಟ್ಟಿದೆ. ಒಳಗೆ ಯಾವ ಮದ್ದು, ಎಷ್ಟು, ಯಾರಿಗೂ ಗೊತ್ತಿಲ್ಲ. ಠಾಣೆಗೆ ತಿಳಿಸಿ ಒಪ್ಪಿಸಿಬಿಡೋಣ ಅಂತ ಮೂರು ಸಲ ಕೇಳಿದೆ. ಮೊದಲನೇ ಸಲ ಕೇಳಿಸದವರ ಹಾಗೆ ಕೂತ್ರು. ಎರಡನೇ ಸಲ, "ಅಪ್ಪನ ಕೈಯಿಂದ ತುಂಬಿದ್ದು ಕಣೋ" ಅಂದ್ರು. ಮೂರನೇ ಸಲ ಡಬ್ಬಿ ತೆಗೆದು ಮಡಿಲಲ್ಲಿ ಇಟ್ಕೊಂಡು, ಹುರಿದ ಅಕ್ಕಿಯ ಗಂಟನ್ನ ಬದಲಾಯಿಸಿ, ಮತ್ತೆ ಮುಚ್ಚಳ ಹಾಕಿದ್ರು.

ಹಬ್ಬಕ್ಕೆ ಇನ್ನೂ ಹದಿನೈದು ದಿನ ಇದೆ. ಮಳೆ ನಿಂತ ಮೇಲೆ ಇನ್ನೊಂದ್ಸಲ ಕೇಳ್ತೀನಿ.