ಗ್ರಾಮಸಭೆ ಸಂತೆ ದಿನ ಇಡಿ

ಕೇಳುಗರಿಗೆಲ್ಲ ನಮಸ್ಕಾರ. ಹವಾಮಾನ ಬದಲಾವಣೆ ಬಗ್ಗೆ ಮಾತಾಡಿ ಅಂದ್ರು ಆಕಾಶವಾಣಿಯವರು. ಮಾತಾಡೋಣ, ಆದ್ರೆ ಕಾರ್ಬನ್ನು ಗೀರ್ಬನ್ನು ಅಂತ ತಲೆ ತಿನ್ನಲ್ಲ, ನಾನು ಹೇಳೋಕೆ ಬಂದಿರೋದು ಒಂದೇ ಮಾತು, ಗ್ರಾಮಸಭೆನ ಸಂತೆ ದಿನ ಇಡಿ.

ಯಾಕೆ ಅಂತೀರಾ? ಮಳೆ ಎಲ್ರ ಮೇಲೂ ಬೀಳುತ್ತೆ, ಪರಿಹಾರ ಎಲ್ರಿಗೂ ಬರಲ್ಲ. ಕೇಂದ್ರದ 2022ರ ನಿಯಮ ನೋಡಿ, ಕಾಫಿ, ಮೆಣಸಿನಂಥ ಬಹುವಾರ್ಷಿಕ ಬೆಳೆ ನೂರಕ್ಕೆ 33ರಷ್ಟೋ ಅದಕ್ಕಿಂತ ಹೆಚ್ಚೋ ಹಾಳಾದ್ರೆ ಹೆಕ್ಟೇರಿಗೆ 22,500 ರೂಪಾಯಿ, ಅದೂ 2 ಹೆಕ್ಟೇರ್‌ವರೆಗೆ. ಸಣ್ಣ ಬೆಳೆಗಾರರಿಗೆ ಅದು ಯಾವ ಮೂಲೆಗೂ ಸಾಲಲ್ಲ, ಒಪ್ತೀನಿ. ಆದ್ರೆ ಅದೇ ತೋಟದಲ್ಲಿ ಮಳೆ ಹಿಡ್ಕೊಂಡು ಕೆಲಸ ಇಲ್ದೆ ಲೈನ್ ಮನೇಲಿ ಕೂತ ಕೂಲಿಯವರ ಬಟವಾಡೆ? ಅವ್ರಿಗೆ ಪಹಣೀನೇ ಇಲ್ಲವಲ್ಲ, ಕೇಳೋರು ಯಾರು. ಕೇಳ್ಬೇಕಾದ ಜಾಗ ಗ್ರಾಮಸಭೆ, ಅಲ್ಲಿಗೆ ಅವ್ರು ಬರೋ ಹಾಗೇ ಇಲ್ಲ.

ಸಕಲೇಶಪುರ ಕಡೆ ಒಂದು ಊರು, ಹೆಸರು ಬೇಡ. ಮಳೆಗಾಲಕ್ಕೆ ಮುಂಚೆ ಕ್ರಿಯಾಯೋಜನೆ ಮಾಡೋಕೆ ಸಭೆ ಕರೆದಿದ್ರು, ಬೆಳಿಗ್ಗೆ ಹನ್ನೊಂದಕ್ಕೆ. ಆ ಹೊತ್ತಿಗೆ ಯಾರಿರ್ತಾರೆ ಹೇಳಿ? ಮುಂದಿನ ಸಾಲಲ್ಲಿ ಪ್ಲಾಂಟರುಗಳು, ಮೆಂಬರುಗಳು, ಇಬ್ರು ಕಂಟ್ರಾಕ್ಟರು. ರಸ್ತೆಗೆ ತಡೆಗೋಡೆ, ಚರಂಡಿ, ತಿರುವಲ್ಲೊಂದು ಮೋರಿ ಅಂತ ಓದಿದ್ರು, ಎಲ್ರೂ ಆಯ್ತಾಯ್ತು ಅಂದ್ರು, ಕಾಫಿ ಖಾರಾಬೂಂದಿ ಬಂತು. ಅಷ್ಟರಲ್ಲಿ ಪಕ್ಕದ ಅಂಗನವಾಡಿಗೆ ಮೊಮ್ಮಗೂನ ಬಿಡೋಕೆ ಬಂದಿದ್ದ ಅಜ್ಜಿಯೊಬ್ರು ಬಾಗಿಲಲ್ಲೇ ನಿಂತು, "ಸಾಮಿ, ಆ ಮೋರಿ ನೀರು ಎಲ್ಲಿಗ್ ಹೋಯ್ತದೆ?" ಅಂದ್ರು. "ಹಳ್ಳಕ್ಕೆ ಹೋಗುತ್ತಮ್ಮ" ಅಂದ್ರು ಇಂಜಿನಿಯರ್ರು. "ಹಳ್ಳಕ್ಕೇ ಸರಿ, ನಮ್ ಕಾಲೋನಿ ಮೇಲಾಸಿ ತಾನೆ? ಹೋದೊರ್ಸಾನೇ ಒಲೆ ಮುಳುಗಿತ್ತು" ಅಂದ್ರು. ಸಭೇಲಿ ಯಾರೂ ಪಿಟಕ್ ಅನ್ನಲಿಲ್ಲ. ಎಲ್ಲ ಎದ್ದು ಹೋಗಿ ನೋಡಿದ್ವಿ, ಗೋಡೆ ಮೇಲೆ ಮೊಣಕಾಲೆತ್ತರಕ್ಕೆ ಕೆಸರಿನ ಗೆರೆ ಹಾಗೇ ಇತ್ತು, ಅಕ್ಕಿ ಡಬ್ಬಾನ ಇನ್ನೂ ಅಟ್ಟದ ಮೇಲೇ ಇಟ್ಕೊಂಡಿದ್ರು. ಮೋರೀನ ಇನ್ನೊಂದ್ ಸ್ವಲ್ಪ ಕೆಳಕ್ಕೆ ಸರಿಸಿದ್ರು, ಅಷ್ಟೇ, ಖರ್ಚೇನೂ ಹೆಚ್ಚಾಗ್ಲಿಲ್ಲ. ಅಜ್ಜಿ ಆವತ್ತು ಕೆಲಸಕ್ಕೆ ಹೋಗಿದ್ರೆ? ಕಾಲೋನಿಯ ಉಳಿದ ಹೆಂಗಸರೆಲ್ಲ ಹೋಗಿದ್ರಲ್ಲ!

ನಮ್ಮ ಕಡೆ ತೋಟಕ್ಕೆ ರಜೆ ಯಾವತ್ತು? ಸಂತೆ ದಿನ. ಅವತ್ತೇ ಇಡಿ. 1993ರ ಪಂಚಾಯತ್ ರಾಜ್ ಕಾಯ್ದೆ ಆರು ತಿಂಗಳಿಗೊಮ್ಮೆ ಗ್ರಾಮಸಭೆ ಆಗ್ಲೇಬೇಕು ಅನ್ನುತ್ತೆ, ಕೆಲಸದ ದಿನ ಹನ್ನೊಂದಕ್ಕೇ ಆಗ್ಬೇಕು ಅಂತೇನಿಲ್ಲ. "ಸಂತೆ ದಿನ ಜನ ಸಿಗಲ್ಲ ಸಾರ್" ಅಂತಾರೆ ಅಧಿಕಾರಿಗಳು. ಈಗೇನು ಸಿಗ್ತಿದ್ದಾರಾ? ಸಂತೆಗೆ ಹೊರಡೋ ಮುಂಚೆ, ಬೆಳಿಗ್ಗೆ ಎಂಟೂವರೆಗೆ ಇಟ್ಟು ನೋಡ್ರಪ್ಪ.

ಇನ್ನೂ ಹೇಳೋದಿತ್ತು, ಗಾಜಿನಾಚೆಯಿಂದ ಟೈಮ್ ಆಯ್ತು ಅಂತ ಕೈ ತೋರಿಸ್ತಿದ್ದಾರೆ. ಆನೆ ಬಂದ ಸುದ್ದಿ ಓನರ್ ಫೋನಿಗೆ ಬಂದ್ರೆ ಸಾಲಲ್ಲ, ಹಣ್ಣು ಕೊಯ್ಯೋಕೆ ಹೊರಟ ಹೆಂಗಸರಿಗೂ ಮುಟ್ಬೇಕು. 2002ರ ಕಾಯ್ದೆ ಪ್ರಕಾರ ಪಂಚಾಯ್ತೀಲಿ ಜೀವವೈವಿಧ್ಯ ಸಮಿತಿ ಇರ್ಬೇಕು, ನಿಮ್ಮೂರದರಲ್ಲಿ ಯಾರ್ಯಾರಿದ್ದಾರೆ ಕೇಳಿ ನೋಡಿ. ಇದನ್ನೆಲ್ಲ ಕೇಳೋಕೂ ಸಭೆಗೆ ಹೋಗೋ ಹಾಗಿರ್ಬೇಕಲ್ಲ, ಅದಕ್ಕೇ ಸಂತೆ ದಿನ ಅಂದಿದ್ದು. ಪಂಚಾಯ್ತಿ ಅಧಿಕಾರಿ ಪಿಡಿಓಗೆ ಒಂದು ಅರ್ಜಿ ಬರೀರಿ, ಹತ್ತು ಜನ ಸಹಿ ಹಾಕಿ, ಹೆಬ್ಬೆಟ್ಟಾದ್ರೂ ಪರವಾಗಿಲ್ಲ, ಇನ್ನೊಂದು ಪ್ರತಿ ಮೇಲೆ ಸೀಲ್ ಹಾಕಿಸ್ಕೊಂಡೇ ಬನ್ನಿ. ನಮಸ್ಕಾರ.