ಕೀಬೋರ್ಡಿನ ಹಿಂಭಾಗ ನೋಡಿ ಮಾರಾಯ್ರೆ!

ನಮಸ್ಕಾರ, ಡೊಂಬಿವಲಿಯಿಂದ ನಿಮ್ಮ ಕೀಬೋರ್ಡ್ ಮಾಸ್ಟ್ರು. ಇವತ್ತು ಬೇರೆ ಎಂತದೋ ಮಾತಾಡುವ ಅಂತ ಇದ್ದೆ. ಆದರೆ ಕಳೆದ ವಿಡಿಯೋದ ಕೆಳಗೆ ಒಬ್ಬರು ಬರೆದಿದ್ದಾರೆ: "ಮಾಸ್ಟ್ರೇ, ಇನ್ನೂ ಮಿಡಿ ಕೇಬಲ್ ಹಿಡ್ಕೊಂಡು ಕೂತಿದ್ದೀರಾ? ಈಗ ಎಲ್ಲ ಯುಎಸ್‌ಬಿ." ಜೊತೆಗೆ ಹಲ್ಲು ಕಿಸಿಯುವ ಮುಖಗಳು ಒಂದು ಸಾಲು. ಕಿಸೀರಿ. ವಿಡಿಯೋ ಮುಗಿಯುವಾಗ ನೋಡುವ. ಮಿಡಿ ಅಂದರೆ ಎಂತ ಅಂತ ಗೊತ್ತಿಲ್ಲದವರಿಗೆ: ಇಲ್ಲಿ ಯಾವ ಕೀ ಒತ್ತಿದ್ದು ಅಂತ ಒಂದು ವಾದ್ಯ ಇನ್ನೊಂದಕ್ಕೆ ಹೇಳುವ ಭಾಷೆ. ಆ ಕೇಬಲ್‌ನಲ್ಲಿ ಹೋಗುವುದು ಸ್ವರ ಅಲ್ಲ, ಸಂದೇಶ.

ನಾನು ಹೇಳುವುದು ಒಂದೇ ಮಾತು. ಸಣ್ಣ ಸಿಂಥಸೈಜರ್‌ಗೆ, ಅಂದರೆ ಕರೆಂಟಿನಿಂದ ಸ್ವರ ಹುಟ್ಟಿಸುವ ವಾದ್ಯಕ್ಕೆ, ಜೋಡಿಸ್ಲಿಕ್ಕೆ ದೊಡ್ಡ ಕೀಬೋರ್ಡ್ ಕಂಟ್ರೋಲರ್ (ತನ್ನದೇ ಸ್ವರ ಇಲ್ಲದ, ಕೀ ಒತ್ತಿದ ಸುದ್ದಿ ಮಾತ್ರ ಕಳಿಸುವ ಕೀಬೋರ್ಡ್) ತಗೊಳ್ತೀರಲ್ಲ, ಅದರ ಮುಂಭಾಗ ನೋಡಿ ಮರುಳಾಗ್ಬೇಡಿ. ತಿರುಗಿಸಿ, ಹಿಂಭಾಗ ನೋಡಿ. ದುಂಡಗಿನ, ಐದು ತೂತಿನ ಸಾಕೆಟ್ ಇರಬೇಕು, ಹತ್ತಿರ 'ಮಿಡಿ ಔಟ್' ಅಂತ ಬರೆದಿರಬೇಕು. ಇದ್ದರೆ ತಗೊಳ್ಳಿ. ಇಲ್ಲದಿದ್ದರೆ ಅಲ್ಲೇ ಬಿಟ್ಟು, ಒಂದು ಕಟಿಂಗ್ ಚಾ ಕುಡಿದು, ಲೋಕಲ್ ಹತ್ತಿ ಮನೆಗೆ ಬನ್ನಿ.

ದೊಡ್ಡದು ಯಾಕೆ ಅಂತ ಕೇಳುವವರಿಗೆ: ನಮ್ಮ ಭಜನಾ ಮಂಡಳಿಯಲ್ಲಿ ಒಂದು ಮೈಕ್ರೋಕಾರ್ಗ್ ಉಂಟು. 2002ರಲ್ಲಿ ಬಂದ ಸಿಂಥ್, ಸ್ವರ ಇವತ್ತಿಗೂ ಬೆಣ್ಣೆ. ಆದರೆ ಕೀ 37, ಅದೂ ಪುಟಾಣಿ ಕೀ. ಎಡಗೈಯಲ್ಲಿ ಬೇಸ್ ಹಿಡಿದು ಬಲಗೈಯಲ್ಲಿ ಪಲ್ಲವಿ ಎತ್ತುವಷ್ಟರಲ್ಲಿ ಎರಡು ಕೈ ಡಿಕ್ಕಿ. ಅದಕ್ಕೆ 61 ದೊಡ್ಡ ಕೀ ಇರುವ ಕಂಟ್ರೋಲರ್ ಇಟ್ಟು, ಅದರ ಮಿಡಿ ಔಟ್‌ನಿಂದ ಸಿಂಥ್‌ನ ಮಿಡಿ ಇನ್‌ಗೆ ಒಂದು ಕೇಬಲ್ ಎಳೆದರೆ ಆಯ್ತು. ಕೈ ಇಲ್ಲಿ, ಸ್ವರ ಅಲ್ಲಿ. ಸಿಂಥ್ ಮಾರುವುದು ಬೇಡ, ದೊಡ್ಡ ಸಿಂಥ್‌ಗೆ ಸಾಲ ಮಾಡುವುದೂ ಬೇಡ. ಹತ್ತು ಬೆರಳು ಒಟ್ಟಿಗೆ ಇಟ್ಟರೂ ಮೈಕ್ರೋಕಾರ್ಗ್‌ನಲ್ಲಿ ನಾಲ್ಕೇ ಸ್ವರ ಕೇಳ್ತದೆ, ಅದು ಆ ಸಿಂಥ್‌ನ ಮಿತಿ. ಕೇಬಲ್ಲಿಗೆ ಬೈಬೇಡಿ.

ಈಗ ಯುಎಸ್‌ಬಿ ಭಕ್ತರ ಕಥೆಗೆ ಬರುವ. ಮಾಟುಂಗಾದಲ್ಲಿ ಕಾರ್ಯಕ್ರಮ, ಹಿಂದಿನ ದಿನ ರಿಹರ್ಸಲ್. ನನ್ನ ಶಿಷ್ಯನೊಬ್ಬ ಹೊಸ 61 ಕೀಯ ಕಂಟ್ರೋಲರ್ ಹೆಗಲಿಗೆ ಹಾಕ್ಕೊಂಡು ಬಂದ. ಚಂದ ಉಂಟು, ಪ್ಯಾಡ್‌ಗಳಲ್ಲಿ ಬಣ್ಣಬಣ್ಣದ ದೀಪ. ತಿರುಗಿಸಿ ನೋಡಿದೆ. ಪ್ರಿಂಟರ್‌ಗೆ ಇರ್ತದಲ್ಲ, ಆ ಚೌಕದ ಯುಎಸ್‌ಬಿ ಸಾಕೆಟ್ ಒಂದು, ಅಡಾಪ್ಟರಿನ ತೂತು ಒಂದು. ಬೇರೆ ಏನೂ ಇಲ್ಲ. "ಚಿಂತೆ ಮಾಡ್ಬೇಡಿ ಮಾಸ್ಟ್ರೇ, ಕನ್ವರ್ಟರ್ ತಂದಿದ್ದೇನೆ" ಅಂದ. ಲ್ಯಾಮಿಂಗ್ಟನ್ ರೋಡಿಂದ. ಅಂಗಡಿಯವ "ಚಲೇಗಾ ಚಲೇಗಾ" ಅಂದನಂತೆ. ಒಂದು ತುದಿಯಲ್ಲಿ ಯುಎಸ್‌ಬಿ, ಇನ್ನೊಂದು ತುದಿಯಲ್ಲಿ ದುಂಡಗಿನ ಎರಡು ಮಿಡಿ ಪ್ಲಗ್, ನಡುವೆ ಸಣ್ಣ ಡಬ್ಬಿ. ಯುಎಸ್‌ಬಿ ತುದಿಗೆ ಇನ್ನೊಂದು ಜಾಯಿಂಟ್ ಸಿಕ್ಕಿಸಿ ಕೀಬೋರ್ಡಿಗೆ ತುರುಕಿದ. ಕೀಬೋರ್ಡಿನ ದೀಪ ಎಲ್ಲ ಹತ್ತಿತು. ಡಬ್ಬಿಯ ದೀಪ ಹತ್ತಲೇ ಇಲ್ಲ. ಸ್ವರ? ಸೊನ್ನೆ.

ಯಾಕೆ? ಯುಎಸ್‌ಬಿಯಲ್ಲಿ ಒಂದು ಕಡೆ ಹೋಸ್ಟ್ ಇರಲೇಬೇಕು: ಕಂಪ್ಯೂಟರೋ, ಫೋನೋ. ಕರೆಂಟು ಕೊಡುವುದು ಅದು, ಮಾತು ಶುರು ಮಾಡುವುದೂ ಅದು. ಆ ಕನ್ವರ್ಟರ್ ಮಾಡಿದ್ದು ಕಂಪ್ಯೂಟರಿಗೆ ಸಿಕ್ಕಿಸ್ಲಿಕ್ಕೆ. ಕೀಬೋರ್ಡ್ ಮಾಡಿದ್ದೂ ಅದಕ್ಕೇ. ಎರಡೂ ಕಡೆ ಅಳಿಯಂದಿರು ಕೂತಿದ್ದಾರೆ, ಊಟಕ್ಕೆ ಏಳಿ ಅನ್ನಲಿಕ್ಕೆ ಮಾವನೇ ಇಲ್ಲ! ಬೆಳಗಿನ ತನಕ ಕೂತಿರ್ತಾರೆ. ಹಿಂಭಾಗ ನೋಡಿ ಅಂದದ್ದು ಇದಕ್ಕೆ.

"ನಡುವೆ ಲ್ಯಾಪ್‌ಟಾಪ್ ಇಟ್ಟರಾಯ್ತಲ್ಲ?" ಇಡಿ. ಮಂಗಳಾರತಿ ಹೊತ್ತಿಗೆ ಅದು ಅಪ್‌ಡೇಟ್ ಕೇಳ್ತದೆ. ಅದರ ಚಾರ್ಜರ್ ಸಿಕ್ಕಿಸಿದರೆ ಸ್ಪೀಕರಿನಲ್ಲಿ ಗುಂಯ್ ಅಂತ ಶ್ರುತಿ ಶುರು, ನೀವು ಕೇಳದ ಶ್ರುತಿ. ಮಿಡಿ ಇನ್ ಸಾಕೆಟ್ ಒಳಗೆ ಎಂತ ಉಂಟು ಗೊತ್ತುಂಟಾ? ಒಂದು ಪುಟ್ಟ ಎಲ್‌ಇಡಿ, ಎದುರಿಗೆ ಅದನ್ನು ನೋಡುವ ಒಂದು ಸೆನ್ಸರ್. ಸಂದೇಶ ಬೆಳಕಾಗಿ ದಾಟ್ತದೆ, ಒಂದರ ಕರೆಂಟು ಇನ್ನೊಂದರ ಸರ್ಕಿಟ್ಟಿಗೆ ಹೋಗುವುದಿಲ್ಲ. ಗುಂಯ್ ಅನ್ನುವುದಕ್ಕೆ ಆ ದಾರಿಯೇ ಬಂದ್. ಇನ್ನೊಂದು ತಮಾಷೆ, ಪಿನ್ನು ಐದಿದ್ದರೂ ಕೆಲಸ ಮಾಡುವುದು ಮೂರು ಮಾತ್ರ. ಸಂಘದ ಕಮಿಟಿಯವರು ಯಾರೂ ನಗಬೇಡಿ.

"ಕಂಪ್ಯೂಟರ್ ಬದಲಿಗೆ ಹೋಸ್ಟ್ ಆಗುವ ಯುಎಸ್‌ಬಿ ಹೋಸ್ಟ್ ಬಾಕ್ಸ್ ಸಿಗ್ತದಲ್ಲ?" ಸಿಗ್ತದೆ ಸ್ವಾಮಿ. ಒಂದು ಕೇಬಲ್ ತಪ್ಪಿಸ್ಲಿಕ್ಕೆ ಒಂದು ಡಬ್ಬಿ, ಡಬ್ಬಿಗೆ ಒಂದು ಅಡಾಪ್ಟರ್, ಅಡಾಪ್ಟರಿಗೆ ಇನ್ನೊಂದು ಎಕ್ಸ್‌ಟೆನ್ಶನ್ ಬೋರ್ಡ್. ತಗೊಳ್ಳಿ, ನಿಮ್ಮ ದುಡ್ಡು. ಕೆಲವು ಸಣ್ಣ ಉಪಕರಣಗಳಲ್ಲಿ ಇಯರ್‌ಫೋನ್ ತೂತಿನಂಥ ಮಿಡಿ ಸಾಕೆಟ್ ಬರ್ತದೆ. ಅದನ್ನು ಒಪ್ಪಿಕೊಳ್ತೇನೆ, ಆದರೆ ಒಳಗಿನ ವೈರಿಂಗ್ ಬೇರೆ ಬೇರೆ ಇರ್ತದೆ, ಎ ಟೈಪಾ ಬಿ ಟೈಪಾ ಅಂತ ಕೇಳಿ ಕೇಬಲ್ ತಗೊಳ್ಳಿ. ಆದರೆ ಅದನ್ನೂ ಹಿಂದೆ ತಿರುಗಿಸಿಯೇ ಹುಡುಕಬೇಕಲ್ಲ! ನನ್ನ ಮಾತೇ ಬಂತು.

ಅಂದಹಾಗೆ ಭಾನುವಾರದ ಕ್ಲಾಸಿನಲ್ಲಿ ಜಾಗ ಉಂಟು. ಮಕ್ಕಳಿಗೆ ಬೆಳಿಗ್ಗೆ, ರಿಟೈರ್ ಆದವರಿಗೆ ಸಂಜೆ. ಸಬ್‌ಸ್ಕ್ರೈಬ್ ಬಟನ್ ಒತ್ತಿ, ಅದಕ್ಕೆ ಹೋಸ್ಟ್ ಬೇಡ.

"ಹಳೇ ತಂತ್ರಜ್ಞಾನ" ಅಂತೆ. ಹೌದು, 1983ರ ಜನವರಿ. ಅಮೆರಿಕದ ನ್ಯಾಮ್ ಅನ್ನುವ ವಾದ್ಯ ಮೇಳದಲ್ಲಿ ಸೀಕ್ವೆನ್ಶಿಯಲ್‌ನ ಪ್ರಾಫೆಟ್-600 ಮತ್ತು ರೋಲ್ಯಾಂಡ್‌ನ ಜ್ಯೂಪಿಟರ್-6 ಸಿಂಥ್‌ಗಳ ನಡುವೆ ಮಿಡಿ ಕೇಬಲ್ ಹಾಕಿದರು. ಪೈಪೋಟಿಯ ಎರಡು ಕಂಪೆನಿ, ಒಂದರಲ್ಲಿ ಒತ್ತಿದರೆ ಇನ್ನೊಂದು ಹಾಡಿತು. ಸೀಕ್ವೆನ್ಶಿಯಲ್ ಕಟ್ಟಿದ ಡೇವ್ ಸ್ಮಿತ್, ರೋಲ್ಯಾಂಡ್ ಕಟ್ಟಿದ ಇಕುತಾರೊ ಕಾಕೆಹಾಶಿ ಇಬ್ಬರಿಗೂ 2013ರಲ್ಲಿ ಇದಕ್ಕೆ ಟೆಕ್ನಿಕಲ್ ಗ್ರ್ಯಾಮಿ ಬಂತು. ಆ ಪ್ರಾಫೆಟ್‌ಗೆ ಇವತ್ತಿನ ಕೀಬೋರ್ಡ್ ಅದೇ ಸಾಕೆಟ್ಟಿನಿಂದ ಜೋಡಿಸಬಹುದು. ನಿಮ್ಮ ಡ್ರಾಯರಿನಲ್ಲಿ ಹಳೇ ಫೋನ್ ಚಾರ್ಜರುಗಳ ಗಂಟು ಉಂಟಲ್ಲ, ಅದರಲ್ಲಿ ಒಂದಾದರೂ ಈಗಿನ ಫೋನಿಗೆ ಹೋಗ್ತದಾ?

"ನಿಧಾನ" ಅಂತೆ. ಸೆಕೆಂಡಿಗೆ 31,250 ಬಿಟ್. ಒಂದು ಸ್ವರಕ್ಕೆ ಮೂರು ಬೈಟ್, ಒಂದು ಬೈಟ್ ಕಳಿಸ್ಲಿಕ್ಕೆ ಹತ್ತು ಬಿಟ್. ಲೆಕ್ಕ ಹಾಕಿ, ಸ್ವರ ತಲುಪ್ಲಿಕ್ಕೆ ಒಂದು ಮಿಲಿಸೆಕೆಂಡೂ ಬೇಡ. ನಮ್ಮ ತಬಲದವ ತಾಳ ತಪ್ಪುವುದು ಅದಕ್ಕಿಂತ ಎಷ್ಟೋ ಜಾಸ್ತಿ, ಅವನ ಮೇಲೆ ಕಮೆಂಟ್ ಹಾಕಿ!

"ಮಿಡಿ 2.0 ಬಂತಲ್ಲ, 2020ರಲ್ಲಿ?" ಬಂತು. ಬರಲಿ. ಹಳೇದನ್ನು ಕೈಬಿಡದೆ ಬಂದಿದೆ. ನೀವು ಹಿಂಭಾಗ ನೋಡಿ.

ಕೇಬಲ್ ಹಾಕಿಯೂ ಸ್ವರ ಬರದಿದ್ದರೆ ಔಟ್‌ನಿಂದ ಇನ್‌ಗೆ ಹಾಕಿದ್ದೀರಾ ನೋಡಿ, ಮಿಡಿ ಚಾನೆಲ್ ನಂಬರ್ ಎರಡೂ ಕಡೆ ಒಂದೇ ಇಡಿ, ಒಟ್ಟು 16 ಚಾನೆಲ್ ಉಂಟು. ಅಷ್ಟೇ. ಅದಕ್ಕೂ ಫೋನ್ ಮಾಡ್ಬೇಡಿ.

"ಬ್ಲೂಟೂತ್?" ಹೋಗಿ ಮಾರಾಯ್ರೆ! "ದುಂಡಗಿನ ಸಾಕೆಟ್ ನೋಡ್ಲಿಕ್ಕೆ ಚಂದ ಇಲ್ಲ" ಅಂತಲೂ ಒಬ್ಬರು ಬರೆದಿದ್ದಾರೆ. ಚಂದ! ಹಿಂಭಾಗ ಗೋಡೆ ಕಡೆಗಿರ್ತದೆ, ಯಾರು ನೋಡ್ತಾರೆ? ಅಲ್ಲ, ನೀವು ನೋಡಬೇಕು. ತಗೊಳ್ಳುವ ಮೊದಲು. ಹಿಂಭಾಗ. ಹಿಂಭಾಗ! ಎಷ್ಟು ಸಲ ಹೇಳುವುದು? ಟೀ ಶರ್ಟೇ ಮಾಡಿಸಿದ್ದೇನೆ: 'ಹಿಂಭಾಗ ನೋಡಿ', ಬೆನ್ನಿನ ಕಡೆ ದೊಡ್ಡ ಅಕ್ಷರದಲ್ಲಿ. ಕಪ್ಪು ಮತ್ತು ಬಿಳಿ ಉಂಟು, ಎಕ್ಸ್‌ಎಲ್ ಖಾಲಿ. ಆ ಕಮೆಂಟ್ ಹಾಕಿದವರಿಗೆ ಒಂದು ಪುಕ್ಕಟೆ, ಸೈಜ್ ಬರೆದು ಕಳಿಸಿ.